ಉಮ್ ಕಿನಾನ್ ಬೀಗ ಬಿಚ್ಚಿಕೊಂಡು ಹೋದದ್ದು

ನಮ್ಮ ಕಟ್ಟಡದಲ್ಲಿ ಯಾರ ಮನೆಗೆ ನೆಂಟರು ಬರುವವರಿದ್ದರೂ ಮೊದಲು ಗೊತ್ತಾಗುವುದು ಮೂರನೆಯ ಮಹಡಿಯ ಉಮ್ ಕಿನಾನ್ ಅವರಿಗೆ. ನೆಂಟರೆಂದರೆ ಎಳೆ ಸೋರೆಯಂಥ ಕೂಸಾಕಾಯಿಯ ಅಡಿಗೆ ಆಗಲೇಬೇಕು. ಕಾಯಿಗೆ ಅಕ್ಕಿ, ಕೈಮ ತುಂಬುವ ಮೊದಲು ಒಳಗಿನ ತಿರುಳನ್ನೆಲ್ಲ ತೆಗೆಯಬೇಕು, ಸಿಪ್ಪೆ ಮಾತ್ರ ಎಲ್ಲೂ ತೂತಾಗಬಾರದು. ಸಿರಿಯಾದ ಹೋಮ್ಸ್ ಊರಿನ ನಮ್ಮ ಈ ಬಡಾವಣೆಯಲ್ಲಿ ಆ ಕೆಲಸಕ್ಕೆ ಅವರದೇ ಕೈ. ಎಡಗೈಯಲ್ಲಿ ಕಾಯಿ ಹಿಡಿದು, ಬಲಗೈಯಲ್ಲಿ ಉದ್ದನೆಯ ಕೊರೆಗೋಲನ್ನು ಮೆಲ್ಲಗೆ ತಿರುವಿದರೆ ತಿರುಳು ಬತ್ತಿಯ ಹಾಗೆ ಹೊರಗೆ ಬರುತ್ತದೆ. ಅಷ್ಟು ಹೊತ್ತೂ ಬಾಯಿ ಸುಮ್ಮನಿರುವುದಿಲ್ಲ.

"ನಿನ್ನ ಅತ್ತೆ ಬರ್ತಾಳಂತಲ್ಲ? ಸಣ್ಣಸಣ್ಣ ಕಾಯಿ ಆರಿಸಿ ತಾ. ದೊಡ್ಡದು ಹಾಕಿದ್ರೆ ಸೊಸೆ ಸೋಮಾರಿ ಅಂತಾಳೆ" ಎಂದು ನನಗೆ ಮದುವೆಯ ಹೊಸತರಲ್ಲಿ ಬುದ್ಧಿ ಹೇಳಿದವರೂ ಅವರೇ. ನಾನು ಹುಟ್ಟಿ ಬೆಳೆದದ್ದು ಇದೇ ಕಟ್ಟಡದ ಕೆಳಗಿನ ಮನೆಯಲ್ಲಿ. ಮದುವೆಯಾದ ಮೇಲೂ ಅಲ್ಲಿಯೇ ಉಳಿದೆ. ಹಾಗಾಗಿ ಅವರು ನನಗೆ ಖಾಲಾ, ಅಂದರೆ ಚಿಕ್ಕಮ್ಮ, ನನ್ನ ಮಗಳು ಜುಮಾನಾಗೂ ಖಾಲಾ.

ಅವರ ಸ್ವಂತ ಹೆಸರು ನಜ್ಮಿಯಾ. ಮಗ ಹುಟ್ಟಿದ ದಿನದಿಂದ ಆ ಹೆಸರಿನಿಂದ ಯಾರೂ ಕರೆದಿಲ್ಲ. ಕಿನಾನ್‌ನ ತಾಯಿ, ಉಮ್ ಕಿನಾನ್. ಮಗನನ್ನು ಹಿಡಿದುಕೊಂಡು ಹೋದ ಮೇಲೂ ತರಕಾರಿಯವನು ಹಾಗೆಯೇ ಕೂಗುತ್ತಾನೆ, ಗ್ಯಾಸಿನವನು ಹಾಗೆಯೇ ಕೂಗುತ್ತಾನೆ. ಕೂಗಿದಾಗಲೆಲ್ಲ ಅವರು 'ಬಂದೆ' ಎನ್ನಬೇಕು.

ಗಂಡ ಅಬು ಕಿನಾನ್ ಸಕ್ಕರೆ ಕಾರ್ಖಾನೆಯಲ್ಲಿ ಬೀಟ್‌ಗೆಡ್ಡೆಯ ಲಾರಿ ತೂಗುತ್ತಿದ್ದರು. ಯುದ್ಧಕ್ಕೆ ಮುಂಚೆಯೇ, ಕುಳಿತ ಕುರ್ಚಿಯಲ್ಲಿಯೇ ಎದೆ ಹಿಡಿದುಕೊಂಡು ಹೋದರು. ಆಮೇಲೆ ಮಗನನ್ನು ಸಾಕಿದ್ದು ಆ ಕೊರೆಗೋಲು. ಕಿನಾನ್ ರೇಡಿಯೊ, ಫ್ರಿಜ್ಜು ರಿಪೇರಿ ಕಲಿಯುತ್ತಿದ್ದ. ಎರಡೂ ಕೈಯಲ್ಲಿ ಸಾಮಾನು ಹಿಡಿದುಕೊಂಡು ಬಂದು ಬಾಗಿಲನ್ನು ಮೊಣಕೈಯಲ್ಲಿ ದೂಡುತ್ತಿದ್ದ. ನಾನಾಗ ಶಾಲೆಯ ಹುಡುಗಿ. ಮೆಟ್ಟಿಲಲ್ಲಿ ಎದುರಾದರೆ "ಏ ಗಿಡ್ಡಿ, ದಾರಿ ಬಿಡು, ರಾಜರು ಬರ್ತಿದಾರೆ" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ರೊಟ್ಟಿ ತರಲು ಹೋದ. ಬೇಕರಿಯ ಸಾಲಿನಿಂದ ತುಸು ಆಚೆ ತಪಾಸಣೆಯ ಸಿಪಾಯಿಗಳು ನಿಂತಿದ್ದರು, ಕರೆದರು. ರೊಟ್ಟಿಯ ಕಟ್ಟನ್ನು ಹಿಂದೆ ನಿಂತಿದ್ದವನ ಕೈಗೆ ಕೊಟ್ಟು, "ಇದನ್ನ ಅಮ್ಮನಿಗೆ ಕೊಟ್ಬಿಡಿ, ನಾನು ಬಂದೆ" ಎಂದು ಅವರ ಜೀಪು ಹತ್ತಿದನಂತೆ. ರೊಟ್ಟಿ ಬಂತು, ಇನ್ನೂ ಬಿಸಿಯಾಗಿತ್ತು. ಹುಡುಗ ಬರಲಿಲ್ಲ. ಅವನ ಜೇಬಿನಲ್ಲಿ ಇದ್ದದ್ದು ಗುರುತಿನ ಚೀಟಿ ಮತ್ತು ಮನೆಯ ಬೀಗದ ಕೈ.

ಅಂದಿನಿಂದ ಉಮ್ ಕಿನಾನ್ ಒಂದು ಕಟ್ಟಡದ ಬಾಗಿಲಿಗೆ ಅಲೆಯತೊಡಗಿದರು. ಊರಿನ ನಡುವೆ, ಗೋಡೆಯ ಮೇಲೆ ದೇಶದ ಅಧ್ಯಕ್ಷನ ದೊಡ್ಡ ಚಿತ್ರ ಹೊತ್ತು ನಿಂತಿದ್ದ ಸರಕಾರದ ಕಚೇರಿ ಅದು. ಮೇಲೆ ಅಧಿಕಾರಿಗಳು, ಕೆಳಗೆ ನೆಲಮಾಳಿಗೆ. ಕೇಳಿದಾಗಲೆಲ್ಲ ಕಾವಲಿನವನ ಉತ್ತರ ಒಂದೇ. "ಆ ಹೆಸರಿನವರು ನಮ್ಮಲ್ಲಿಲ್ಲ, ಹಾಜ್ಜಾ." ಹಿರಿಯಳೆಂದು ಹಾಜ್ಜಾ ಎನ್ನುವ ಮರ್ಯಾದೆಗೇನೂ ಕೊರತೆಯಿರಲಿಲ್ಲ. ಲಂಚಕ್ಕೆ ಬಳೆ ಹೋದವು, ಮಧ್ಯವರ್ತಿಗಳು ಬಂದು ಹೋದರು, ಉತ್ತರ ಬದಲಾಗಲಿಲ್ಲ.

"ಇಲ್ಲ ಅನ್ನೋದಕ್ಕೆ ಅಷ್ಟು ದೊಡ್ಡ ಕಟ್ಟಡ ಯಾಕೆ ಬೇಕು?" ಎಂದು ಉಮ್ ಕಿನಾನ್ ನಮ್ಮ ಮೆಟ್ಟಿಲಲ್ಲಿ ಕುಳಿತು ಕೇಳುತ್ತಿದ್ದರು. ಆಗ ನನ್ನ ಅಮ್ಮ ಓಡಿಹೋಗಿ ಬೀದಿಬಾಗಿಲು ಮುಚ್ಚುತ್ತಿದ್ದಳು, ಯಾರ ಕಿವಿಗಾದರೂ ಬಿದ್ದೀತೆಂದು.

ಅವರಿಗೆ ಬೇಕಾಗಿದ್ದದ್ದು ಒಂದು ಮಾತು. 'ಹೌದು, ಇಲ್ಲಿದ್ದ.' ಸತ್ತನೆಂದರೂ ಸರಿ, ಬದುಕಿದ್ದಾನೆಂದರೂ ಸರಿ, ಮೊದಲು ಅದನ್ನು ಹೇಳಬೇಕು. ಅದು ಬರುವವರೆಗೆ ಮನೆಯ ಬೀಗ ಬದಲಾಯಿಸುವುದಿಲ್ಲವೆಂದು ಅವರು ಹಟ ಹಿಡಿದಿದ್ದರು. ಸಿಪಾಯಿಗಳು ಬಾಗಿಲನ್ನು ಬೂಟುಗಾಲಲ್ಲಿ ಒದ್ದು ಚೌಕಟ್ಟು ಸೀಳಿದಾಗಲೂ ಚೌಕಟ್ಟನ್ನು ಮಾತ್ರ ಸರಿ ಮಾಡಿಸಿದರು. ಬಡಗಿ ಎಷ್ಟು ಹೇಳಿದರೂ, "ಬೀಗ ಮುಟ್ಟಬೇಡ. ಅವನ ಕೈಲಿರೋದು ಇದರ ಕೀ" ಎಂದರು.

ಎಷ್ಟೋ ವರ್ಷಗಳ ಮೇಲೆ ಒಂದು ಡಿಸೆಂಬರಿನಲ್ಲಿ ಆ ಅಧ್ಯಕ್ಷ ವಿಮಾನ ಹತ್ತಿ ಓಡಿಹೋದ. ಊರೆಲ್ಲ ಕುಣಿಯಿತು. ಕುಣಿತದ ನಡುವೆಯೇ ಹೆಂಗಸರು ಬರಿಗಾಲಲ್ಲಿ ಆ ಕಟ್ಟಡಕ್ಕೆ ಓಡಿದರು. ಉಮ್ ಕಿನಾನ್ ಮುಂದೆ, ಮಗಳನ್ನು ಎದೆಗೆ ಕಟ್ಟಿಕೊಂಡು ನಾನು ಹಿಂದೆ. ನೆಲಮಾಳಿಗೆಯಲ್ಲಿ ಕಂಬಳಿಗಳಿದ್ದವು, ಪ್ಲಾಸ್ಟಿಕ್ ಬಾಟಲಿಗಳಿದ್ದವು, ಗೋಡೆಯ ಮೇಲೆ ಉಗುರಿನ ಗೀರುಗಳಿದ್ದವು. ಮನುಷ್ಯರಿರಲಿಲ್ಲ.

ನಾವು ಮನುಷ್ಯರನ್ನು ಹುಡುಕುತ್ತಿದ್ದಾಗ ಮೇಲಿನ ಮಹಡಿಗಳಲ್ಲಿ ಬೇರೆಯವರು ಬೇರೇನನ್ನೋ ಹುಡುಕುತ್ತಿದ್ದರು. ರತ್ನಗಂಬಳಿ ಹೋಯಿತು, ಏಸಿ ಹೋಯಿತು, ತೂಗುದೀಪ ಹೋಗಿ ಕಬಾಬಿನ ಅಂಗಡಿಯಲ್ಲಿ ಬೆಳಗತೊಡಗಿತು. ಆಮೇಲೆ ಟಿವಿಯವರು ಬಂದರು. ಬಿಳಿ ಕೋಟಿನ ಒಬ್ಬಳು ಕಂಬಳಿಯ ರಾಶಿಯ ಮುಂದೆ ನಿಂತು ಮೂಗು ಮುಚ್ಚಿಕೊಂಡು ಮಾತಾಡಿ, ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ಮುಚ್ಚಿಕೊಂಡಳು. ಅದನ್ನು ನೋಡಿ ನನಗೆ ಬಂದ ಸಿಟ್ಟಿಗೆ ಎದೆಹಾಲು ಬತ್ತಿತೇನೋ ಅನ್ನಿಸಿತು.

ನಮ್ಮ ಬೀದಿಯ ಕ್ಷೌರದಂಗಡಿಗೆ ಅಲ್ಲಿಂದ ಒಂದು ಕುರ್ಚಿ ಬಂತು. ಕರಿ ತೊಗಲು, ತಿರುಗುವ ಕುರ್ಚಿ, ಯಾವನೋ ದೊಡ್ಡ ಅಧಿಕಾರಿಯದು. ಕ್ಷೌರಿಕ ಅಬು ಫವಾಜ್ ಗಿರಾಕಿಗಳನ್ನು ಅದರ ಮೇಲೆ ಕೂರಿಸಿ ಗರಗರ ತಿರುಗಿಸುತ್ತಿದ್ದ. ಉಮ್ ಕಿನಾನ್ ಬಾಗಿಲಲ್ಲಿ ನಿಂತು ನೋಡಿದರು.

"ಅಬು ಫವಾಜ್, ಅದರ ಮೇಲೆ ಕೂತವನು ಒಂದು ರುಜು ಹಾಕಿದ್ರೆ ಒಬ್ಬ ಹುಡುಗ ಹೋಗ್ತಿದ್ದ. ನೀನು ಅದರ ಮೇಲೆ ಮೀಸೆ ಕತ್ತರಿಸ್ತೀಯಾ?"

"ಅಯ್ಯೋ ಉಮ್ ಕಿನಾನ್, ಕುರ್ಚಿಗೇನು ಗೊತ್ತು! ಸೊಂಟಕ್ಕೆ ಒಳ್ಳೇದು ಅಂತ ತಂದೆ."

"ನಿನ್ನ ಸೊಂಟಕ್ಕೆ ಒಳ್ಳೇದು. ಬೆನ್ನುಮೂಳೆ ಎಲ್ಲಿದೆ ಅಂತ ಒಂದ್ಸಲ ನೋಡ್ಕೊ."

ಒಳಗಿದ್ದವರು ನಕ್ಕರು. ಅವರು ನಗಲಿಲ್ಲ. ಮರುದಿನ ಕುರ್ಚಿ ಅಂಗಡಿಯ ಹಿಂದೆ ಹೋಯಿತು. ಎಸೆದನೆಂದಲ್ಲ, ಅವರು ಹಾದುಹೋಗುವಾಗ ಕಾಣದಿರಲಿ ಎಂದು.

ಯಾರಿಗೂ ಬೇಡವಾಗಿ ಅಲ್ಲಿ ಉಳಿದದ್ದು ಬೀಗದ ಕೈಗಳು. ಅಮಾನತು ಕೋಣೆ ಎಂದು ಫಲಕವಿದ್ದ ಕೋಣೆಯಲ್ಲಿ, ತುಪ್ಪದ ದೊಡ್ಡ ಡಬ್ಬಿಗಳ ತುಂಬ. ಹಿಡಿದು ತಂದವರ ಜೇಬು ಬರಿದು ಮಾಡಿ ಅಲ್ಲಿ ಸುರಿದಿದ್ದರು. ಗಡಿಯಾರ, ಉಂಗುರ, ದುಡ್ಡು ಯಾವತ್ತೋ ಯಾರದೋ ಪಾಲಾಗಿದ್ದವು. ಬೀಗದ ಕೈ ಯಾರಿಗೆ ಬೇಕು? ಅಮಾನತು ಎಂದರೆ ನಂಬಿ ಇಟ್ಟದ್ದು, ಕೇಳಿದಾಗ ಮರಳಿ ಕೊಡಬೇಕಾದದ್ದು. ಆ ಫಲಕ ಬರೆಸಿದವನಿಗೆ ಅದರ ಅರ್ಥ ಗೊತ್ತಿತ್ತೇ ಎಂದು ನಾನು ಈಗಲೂ ಯೋಚಿಸುತ್ತೇನೆ.

ಕಾಣೆಯಾದವರನ್ನು ಹುಡುಕಲೆಂದು ಹೊಸದಾಗಿ ಆದ ಸಮಿತಿಯೊಂದು ಆ ಕೋಣೆಗೆ ಕಾವಲು ಹಾಕಿತು. ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲಿ ಕುಳಿತವರು ಉಸ್ತಾಜ್ ಮಾಮೂನ್. ಮೊದಲು ಭೂಗೋಳ ಪಾಠ ಹೇಳುತ್ತಿದ್ದವರು, ಮಾತು ಮೆದು, ಕೆಟ್ಟವರಲ್ಲ. ಉಮ್ ಕಿನಾನ್ ತಮ್ಮ ಮನೆಯ ಬೀಗದ ಕೈ ಹಿಡಿದುಕೊಂಡು ಹೋದರು, ಜೊತೆಗೆ ನಾನು. ಡಬ್ಬಿಗಳನ್ನು ಮೇಜಿನ ಮೇಲೆ ಸುರಿದು, ತಮ್ಮದರ ಪಕ್ಕ ಹಿಡಿದು ನೋಡಿ ನೋಡಿ, ಹೋಲುವಂಥ ಒಂದು ಹಿಡಿಯಷ್ಟನ್ನು ಬೇರೆ ಮಾಡಿದರು. ತುಕ್ಕು ಹಿಡಿದವು, ಹಲ್ಲು ಸವೆದವು. ಕಣ್ಣಿಗೆ ಎಲ್ಲವೂ ಅಣ್ಣತಮ್ಮಂದಿರ ಹಾಗೆ.

"ಹೋಲಿಕೆ ಸಾಲದು, ಹಾಜ್ಜಾ. ಬೀಗದಲ್ಲಿ ತಿರುಗಬೇಕು. ಆಗಲೇ ದಾಖಲೆ ಮಾಡೋಕೆ ಆಗೋದು" ಎಂದರು ಮಾಮೂನ್.

"ಹಾಗಾದ್ರೆ ಕೊಡು, ತಗೊಂಡು ಹೋಗಿ ತಿರುಗಿಸಿ ನೋಡ್ತೀನಿ."

"ಕೀಗಳನ್ನ ಹೊರಗೆ ಕೊಡೋ ಹಾಗಿಲ್ಲ. ಇವು ಸಾಕ್ಷ್ಯ. ಮುಂದೆ ಇಲ್ಲಿ ಒಂದು ಸ್ಮಾರಕ ಆಗುತ್ತೆ. ರಾಜಧಾನಿಯಿಂದ ಕಲಾವಿದರೊಬ್ಬರು ಬಂದು ನೋಡಿ ಹೋದ್ರು. ಎಲ್ಲ ಕೀಗಳನ್ನೂ ತಂತಿಯಲ್ಲಿ ತೂಗುಹಾಕ್ತಾರಂತೆ, ಗಾಳಿ ಬೀಸಿದಾಗ ಸದ್ದು ಬರೋ ಹಾಗೆ."

ಉಮ್ ಕಿನಾನ್ ಅವರ ಮುಖವನ್ನು ನಾನು ನೋಡಿದೆ, ಮಗಳನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು ತುಸು ದೂರ ಸರಿದೆ.

"ಮಗಾ," ಎಂದರು ಅವರು, ದನಿ ಏರಿಸದೆ, "ಕೀ ಇರೋದು ಗಾಳಿಗೆ ಗಂಟೆ ಹೊಡೆಯೋಕಲ್ಲ, ಬಾಗಿಲು ತೆಗೆಯೋಕೆ. ನಿನ್ನ ಕಲಾವಿದನ ಮನೆ ಕೀ ತಂದು ಕಟ್ಟು ಮೊದಲು. ಅವನು ಹೊರಗೆ ಚಳೀಲಿ ನಿಂತು ಸಂಗೀತ ಕೇಳಲಿ."

"ನಿಯಮ, ಹಾಜ್ಜಾ. ನಾನು ಮಾಡಿದ್ದಲ್ಲ."

"ನಿಯಮ! ಮೊದಲು ಇಲ್ಲಿ ಕೂತಿದ್ದವರದ್ದೂ ನಿಯಮವೇ ಆಗಿತ್ತು. ಆಗಲಿ. ಕೀ ಮನೆಗೆ ಬರಲ್ಲ ಅಂದ್ರೆ ಬೀಗವೇ ಇಲ್ಲಿಗೆ ಬರುತ್ತೆ."

ಮರುದಿನ ಬೆಳಿಗ್ಗೆ ನಾನು ತಿರುಪುಳಿ ಹಿಡಿದು ಮೂರನೆಯ ಮಹಡಿಗೆ ಹತ್ತಿದೆ. ಅವರು ಜುಮಾನಾಳನ್ನು ಎತ್ತಿಕೊಂಡರು, ನಾನು ತಿರುಪುಗಳನ್ನು ಬಿಚ್ಚಿದೆ. ಬಣ್ಣ ಬಳಿದು ಬಳಿದು ಅವು ಮರದೊಳಗೆ ಕಚ್ಚಿಕೊಂಡಿದ್ದವು. ಬೀಗ ಹೊರಬಂದಾಗ ಬಾಗಿಲಲ್ಲಿ ಕೈ ತೂರುವಷ್ಟು ತೂತು. ಅವರು ಅದನ್ನೇ ನೋಡುತ್ತ ನಿಂತರು.

"ಈಗ ಬಂದ್ರೆ?" ಎಂದರು.

"ಈಗ ಬಂದ್ರೆ ಬೀಗವೇ ಇಲ್ಲ ಖಾಲಾ, ಸೀದಾ ಒಳಗೆ ಬರ್ತಾನೆ. ಅಮ್ಮ ಕೆಳಗೇ ಇದಾಳೆ, ಅವಳಿಗೆ ಹೇಳಿದೀನಿ."

"ನಿನ್ನಮ್ಮನಿಗೆ ಹೇಳಿದ್ರೆ ಸರಿ. ಅವಳ ಕಣ್ಣು ತಪ್ಪಿಸಿ ಇರುವೆಯೂ ಮೇಲೆ ಹತ್ತಲ್ಲ" ಎಂದು ಬೀಗಕ್ಕೆ ಒಂದು ಹನಿ ಆಲಿವ್ ಎಣ್ಣೆ ಬಿಟ್ಟು, ಟವಲಿನಲ್ಲಿ ಸುತ್ತಿ ತರಕಾರಿ ಚೀಲಕ್ಕೆ ಇಳಿಸಿದರು.

ಸುದ್ದಿ ನಮಗಿಂತ ಮುಂಚೆ ಹೋಗಿತ್ತು. ಕೋಣೆಯ ಹೊರಗಿನ ಪಡಸಾಲೆಯಲ್ಲಿ ಆಗಲೇ ಐದಾರು ಜನ ಮಡಿಲಲ್ಲಿ ಬೀಗ ಇಟ್ಟುಕೊಂಡು ಕುಳಿತಿದ್ದರು. ಒಬ್ಬ ಮುದುಕ ಹಳ್ಳಿಯಿಂದ ಬಾಗಿಲಿನ ಹಲಗೆಯ ಸಮೇತ ಹೊತ್ತು ತಂದಿದ್ದ, ಬೀಗ ಬಿಚ್ಚಲು ಬರಲಿಲ್ಲವಂತೆ. ನಮ್ಮ ಹಿಂದೆಯೇ ಬಂದು ಕುಳಿತವಳು ಫಿದಾ. ನಮ್ಮ ಹಿಂದಿನ ಓಣಿಯವಳು, ಕಾರ್ಖಾನೆಯ ಬಸ್ಸು ಓಡಿಸುತ್ತಿದ್ದ ಮುನೀರ್‌ನ ಹೆಂಡತಿ. ಮುನೀರ್‌ನನ್ನೂ ಕಿನಾನ್ ಹೋದ ವರ್ಷವೇ ಬಸ್ಸಿನಿಂದ ಇಳಿಸಿಕೊಂಡು ಹೋಗಿದ್ದರು. ಅವಳ ಬೀಗ ಮಗುವಿನ ಹಳೆಯ ಅಂಗಿಯಲ್ಲಿ ಸುತ್ತಿತ್ತು.

ನಮ್ಮ ಸರದಿ ಬಂತು. ಉಮ್ ಕಿನಾನ್ ಬೀಗವನ್ನು ತೊಡೆಯ ಮೇಲೆ ಇಟ್ಟುಕೊಂಡರು, ಎಡಗೈಯಲ್ಲಿ ಹಿಡಿದರು, ಕೂಸಾಕಾಯಿ ಹಿಡಿದಂತೆಯೇ. ಆರಿಸಿಟ್ಟಿದ್ದ ಬೀಗದ ಕೈಗಳಲ್ಲಿ ಮೊದಲಿನವು ಒಳಗೇ ಹೋಗಲಿಲ್ಲ. ಒಂದು ಹೋಯಿತು, ತಿರುಗಲಿಲ್ಲ. ಅದನ್ನು ಬಿಡಿಸಿ, ತಲೆವಸ್ತ್ರದ ಅಂಚಿಗೆ ಒರೆಸಿ, ಇನ್ನೊಂದನ್ನು ಹಾಕಿದರು. ಟಕ್ ಎಂದಿತು. ಬೀಗದ ನಾಲಿಗೆ ಹೊರಗೆ ಚಾಚಿತು.

ಹಿಂದಕ್ಕೆ ತಿರುಗಿಸಿದರು, ನಾಲಿಗೆ ಒಳಗೆ ಹೋಯಿತು. ಮತ್ತೆ ಹೊರಗೆ.

ಅಳುತ್ತಾರೆಂದು ನಾನು ಕೈ ಚಾಚಿದೆ. ಅವರು ಅಳಲಿಲ್ಲ. ಎದ್ದು ನಿಂತು ಬೀಗ ಹಿಡಿದ ಕೈಯನ್ನು ಗೋಡೆಯ ಕಡೆಗೆ, ಅಧ್ಯಕ್ಷನ ಚಿತ್ರ ಕಿತ್ತುಹಾಕಿ ಬೆಳ್ಳಗೆ ಉಳಿದ ಚೌಕದ ಕಡೆಗೆ ಎತ್ತಿದರು.

"ಇಲ್ಲ ಅಂದ್ರಲ್ಲೋ! ಈ ಹೆಸರಿನವರು ಇಲ್ಲ ಅಂದ್ರಿ! ಮಳೇಲಿ ನಿಂತು ಕೇಳ್ದೆ, ಇಲ್ಲ ಅಂದ್ರಿ. ನನ್ನ ಮಗನ ಜೇಬಿನ ಕೀ ನಿಮ್ಮ ತುಪ್ಪದ ಡಬ್ಬಿಗೆ ನಡ್ಕೊಂಡು ಬಂತಾ? ಹೇಳ್ರೋ, ಕೀಗೆ ಕಾಲಿತ್ತಾ?"

ಗೋಡೆ ಏನು ಹೇಳೀತು! ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ಬಾಗಿಲಲ್ಲಿ ತುಂಬಿಕೊಂಡರು. ಯಾರೋ ಅವರ ಹಣೆಗೆ ಮುತ್ತಿಟ್ಟರು. ಮಾಮೂನ್ ಕನ್ನಡಕ ತೆಗೆದು ಒರೆಸಿಕೊಂಡು ಬರೆಯಲು ಕುಳಿತರು.

ಆಗ ಫಿದಾ ಮೆಲ್ಲಗೆ ಕೇಳಿದಳು. "ಖಾಲಾ, ಆ ಕೀ ಒಂದ್ಸಲ ನನಗೂ ಕೊಡ್ತೀರಾ?"

"ಯಾಕೆ?"

"ಸುಮ್ನೆ. ಒಂದ್ಸಲ."

ಅಂಗಿ ಬಿಚ್ಚಿ ತನ್ನ ಬೀಗ ತೆಗೆದಳು. ಅದೇ ಹಿತ್ತಾಳೆ, ಅದೇ ಕಾರ್ಖಾನೆಯ ಅದೇ ಮುದ್ರೆ. ಬೀಗದ ಕೈ ಹಾಕಿದಳು. ಟಕ್.

ನಮಗೆಲ್ಲ ಗೊತ್ತಿದ್ದ ಸಂಗತಿಯೇ ಅದು, ಅದನ್ನೇ ನಾವು ಮರೆತಿದ್ದೆವು! ನಮ್ಮ ಬಡಾವಣೆಯ ಮನೆಗಳೆಲ್ಲ ಕಾರ್ಖಾನೆಯ ಕೆಲಸಗಾರರಿಗೆಂದು ಸರಕಾರ ಒಟ್ಟಿಗೆ ಕಟ್ಟಿಸಿದವು. ಬಾಗಿಲಿನ ಬೀಗಗಳೂ ಸರಕಾರಿ ಕಾರ್ಖಾನೆಯವು. ಅಲ್ಲಿ ಅಚ್ಚುಗಳು ಕೆಲವೇ ಇದ್ದವು, ಅವನ್ನೇ ಮತ್ತೆ ಮತ್ತೆ ಒತ್ತುತ್ತಿದ್ದರು. ಒಂದು ಮನೆಯ ಬೀಗದ ಕೈ ಇನ್ನೆಲ್ಲೋ ಒಂದು ಮನೆಗೆ ತಾಗುತ್ತಿತ್ತು. ಅಬು ಕಿನಾನ್ ಒಮ್ಮೆ ರಾತ್ರಿ ಪಾಳಿ ಮುಗಿಸಿ ಕಣ್ಣು ಎಳೆಯುತ್ತ ಬಂದು, ಹಿಂದಿನ ಓಣಿಯ ಮೂರನೆಯ ಮಹಡಿ ಹತ್ತಿ, ಬೀಗ ತೆಗೆದು, ಮುಚ್ಚಿಟ್ಟಿದ್ದ ಅನ್ನಬೇಳೆಯ ತಟ್ಟೆ ಖಾಲಿ ಮಾಡಿ, "ಉಪ್ಪು ಜಾಸ್ತಿ ಕಣೇ" ಎಂದು ಕೂಗಿದರಂತೆ. ಒಳಗಿನಿಂದ ಎದ್ದು ಬಂದದ್ದು ಮುನೀರ್‌ನ ತಾಯಿ. ಹೋಮ್ಸಿನವರಿಗೆ ಬುಧವಾರ ಮಾತ್ರ ಹುಚ್ಚು ಎಂದು ದೇಶವೆಲ್ಲ ಹಾಸ್ಯ ಮಾಡುತ್ತದೆ. ನಮ್ಮ ಬಡಾವಣೆಯವರಿಗೆ ವಾರವೆಲ್ಲ ಎಂದು ನಾವೇ ಹೇಳಿಕೊಂಡು ನಗುತ್ತಿದ್ದೆವು. ಅಷ್ಟು ನಕ್ಕಿದ್ದ ನಮ್ಮಲ್ಲಿ ಒಬ್ಬರಿಗೂ, ಬೀಗ ಬಿಚ್ಚುವಾಗ ನನಗೂ, ಅದು ನೆನಪಾಗಲಿಲ್ಲ. ಆಸೆ ಮನುಷ್ಯರನ್ನು ಅಷ್ಟು ಕುರುಡು ಮಾಡುತ್ತದೆ.

"ಇದು ನಮ್ಮನೆಯವರದ್ದು" ಎಂದಳು ಫಿದಾ. "ತುದಿ ಬಾಗಿದೆ ನೋಡಿ. ಇದರಲ್ಲೇ ಸೋಡಾ ಬಾಟಲಿ ತೆಗೀತಿದ್ರು."

"ನನ್ನ ಮಗ ಇದರಲ್ಲೇ ರೇಡಿಯೊ ಬಿಚ್ತಿದ್ದ. ಕೀಯಲ್ಲಿ ಕೆಲಸ ಮಾಡದ ಗಂಡಸು ಈ ಊರಲ್ಲಿ ಯಾವನಿದಾನೆ ಹೇಳು. ಕೊಡಿಲ್ಲಿ."

"ಕೊಡಲ್ಲ ಖಾಲಾ."

"ಕೊಡಲ್ವಾ? ನಿನ್ನ ಗಂಡನನ್ನ ರಾಜಧಾನಿಗೆ ಸಾಗಿಸಿದ್ರು ಅಂತ ನೀನೇ ಊರೆಲ್ಲ ಹೇಳ್ಕೊಂಡು ತಿರುಗಿದ್ಯಲ್ಲೇ!"

"ನಿಮ್ಮ ಮಗ ಲೆಬನಾನಿನಲ್ಲಿ ಫ್ರಿಜ್ಜು ರಿಪೇರಿ ಮಾಡ್ತಿದಾನೆ ಅಂತ ನೀವೂ ಹೇಳಿಲ್ವಾ? ಆಗ ಅಲ್ಲಿದ್ದ, ಈಗ ಇಲ್ಲಿದ್ನಾ? ನಿಮಗೆ ಬೇಕಾದ ಕಡೆ ಇರ್ತಾನೆ ಅವನು!"

ಅಂಥ ಮಾತು ಆಡಬಾರದಿತ್ತು. ಆಡಿದವಳಿಗೂ ತಕ್ಷಣ ಗೊತ್ತಾಯಿತು, ಬಾಯಿಗೆ ಕೈ ಅಡ್ಡ ಬಂತು. ಉಮ್ ಕಿನಾನ್ ಬೆಳ್ಳಗಾದರು. ಜುಮಾನಾ ಬೆದರಿ ಅಳತೊಡಗಿದಳು. ಅವಳನ್ನು ತೂಗುತ್ತ ನಾನು ಇಬ್ಬರನ್ನೂ ನೋಡಿದೆ. ಒಂದೇ ಬೇಕರಿಯ ಸಾಲಿನಲ್ಲಿ ನಿಂತವರು, ಒಂದೇ ನೆಲಮನೆಯಲ್ಲಿ ಬಾಂಬಿಗೆ ಅಡಗಿ ಕುಳಿತವರು, ಈಗ ತುಕ್ಕು ಹಿಡಿದ ಒಂದು ಬೀಗದ ಕೈಗಾಗಿ ಜುಟ್ಟು ಹಿಡಿಯುವಂತಾಗಿದ್ದರು. ಆ ಜೇಬು ಬರಿದು ಮಾಡಿದವನನ್ನು ಮಾತ್ರ ಒಂದು ಮಾತೂ ಕೇಳುವವರಿರಲಿಲ್ಲ. ಅವನು ಎಲ್ಲೋ ಕಡಲತಡಿಯ ಊರಿನಲ್ಲಿ ಗಡ್ಡ ಬೋಳಿಸಿಕೊಂಡು, ಬೇರೆ ಹೆಸರಿಟ್ಟುಕೊಂಡು ಮಾಟೆ ಎಲೆಯ ಕಷಾಯ ಹೀರುತ್ತಿರಬಹುದು. ಅವನಿಗೆ ಗೊತ್ತು. ಆವತ್ತು ಯಾರ ಜೇಬಿಗೆ ಕೈ ಹಾಕಿದನೆಂದು ಅವನೊಬ್ಬನಿಗೇ ಗೊತ್ತು.

ಮಾಮೂನ್ ಕೆಮ್ಮಿದರು. "ಇಂಥ ಸಂದರ್ಭದಲ್ಲಿ... ಗುರುತು ಖಚಿತ ಆಗಿಲ್ಲ ಅಂತಾಗುತ್ತೆ. 'ಯಾರದೆಂದು ತಿಳಿಯದು' ಅಂತ ಹಾಕಿ, ಕೀಯನ್ನ ಡಬ್ಬಿಗೆ ಹಾಕಬೇಕಾಗುತ್ತೆ. ಕ್ಷಮಿಸಿ."

ಇಬ್ಬರೂ ಒಟ್ಟಿಗೆ ಅವರ ಕಡೆ ತಿರುಗಿದರು.

"ಏನಂದೆ?" ಎಂದರು ಉಮ್ ಕಿನಾನ್.

"ತಿಳಿಯದು ಅಂತ..."

"ಇಲ್ಲ ಅನ್ನೋದು ಹೋಗಿ ತಿಳಿಯದು ಅನ್ನೋದು ಬಂತಾ? ಇದಕ್ಕೇ ಊರು ಕುಣೀತಾ? ಉಸ್ತಾಜ್, ನೀನು ಮಕ್ಕಳಿಗೆ ಪಾಠ ಹೇಳಿದವನು, ನನಗೂ ಒಂದು ಲೆಕ್ಕ ಹೇಳ್ಕೊಡು. ಒಂದು ಕೀ ಅಂದ್ರೆ ಒಬ್ಬ ಮನುಷ್ಯ, ಹೌದಾ ಅಲ್ವಾ? ಯಾವನೋ ಒಬ್ಬ ನಮ್ಮ ಬಡಾವಣೆಯ ಹುಡುಗ ಈ ಮೆಟ್ಟಿಲು ಇಳಿದಿದಾನೆ. ಅವನ ಮನೆಗೆ ಬಾಗಿಲಿತ್ತು, ಬಾಗಿಲಿಗೆ ಬೀಗ ಇತ್ತು, ತಿರುಗಿ ಹೋಗ್ತೀನಿ ಅಂತ ಜೇಬಲ್ಲಿ ಕೀ ಇಟ್ಕೊಂಡಿದ್ದ. ಕೇಳೋಕೆ ಇಬ್ಬರು ಬಂದ್ವಿ ಅಂತ ಒಬ್ಬನೂ ಇರ್ಲಿಲ್ಲ ಅಂತ ಬರೀತೀಯಾ?"

"ಯಾರು ಅಂತ ಬರೀಲಿ, ಹಾಜ್ಜಾ?"

"ಇಬ್ಬರನ್ನೂ ಬರೀರಿ" ಎಂದಳು ಫಿದಾ. ಉಮ್ ಕಿನಾನ್ ಅವಳನ್ನು ಒಮ್ಮೆ ನೋಡಿ, ಹೌದೆಂದು ತಲೆಯಾಡಿಸಿದರು.

"ಕಂಪ್ಯೂಟರು ಒಂದು ಕೀಗೆ ಒಂದೇ ಹೆಸರು ತಗೊಳ್ಳುತ್ತೆ..."

"ಈ ಕಟ್ಟಡ ಎಷ್ಟು ಹೆಸರು ತಗೊಂಡಿತು! ನಿನ್ನ ಪೆಟ್ಟಿಗೆಗೆ ಎರಡು ಹಿಡಿಸಲ್ವಾ?"

ಬಾಗಿಲಲ್ಲಿ ನಿಂತವರು ಕದಲಲಿಲ್ಲ. ಹಲಗೆ ಹೊತ್ತು ಬಂದಿದ್ದ ಮುದುಕ ಅದನ್ನು ಹೊಸ್ತಿಲಿಗೆ ಅಡ್ಡ ಹಾಕಿ ಅದರ ಮೇಲೆ ಕುಳಿತುಬಿಟ್ಟ. "ಬರೀರಿ ಸ್ವಾಮಿ, ನಮಗೇನೂ ಅವಸರ ಇಲ್ಲ" ಎಂದ. ಮಾಮೂನ್ ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿ, ಬಿಳಿ ಹಾಳೆ ತೆಗೆದುಕೊಂಡು ಪೆನ್ನು ಹಿಡಿದರು.

"ನೀವೇ ಹೇಳಿ."

ಉಮ್ ಕಿನಾನ್ ಹೇಳಿದರು, ಅವರು ಬರೆದರು. ಕಿನಾನ್ ಮತ್ತು ಮುನೀರ್, ಇಬ್ಬರಲ್ಲಿ ಒಬ್ಬನನ್ನು ಮನೆಯ ಬೀಗದ ಕೈ ಜೇಬಿನಲ್ಲಿದ್ದಂತೆಯೇ ಈ ಕಟ್ಟಡದೊಳಕ್ಕೆ ಜೀವಂತ ತಂದರು. ಯಾರನ್ನೆಂದು ತಂದವರು ಹೇಳಬೇಕು. ಇನ್ನೊಬ್ಬನನ್ನು ಎಲ್ಲಿಗೆ ಒಯ್ದರೆಂದೂ ಅವರೇ ಹೇಳಬೇಕು. ಬರೆದದ್ದನ್ನು ಅವರು ಎರಡು ಸಲ ಓದಿಸಿ ಕೇಳಿದರು. 'ತಂದರು ಎನ್ನಲಾಗಿದೆ' ಎಂದಿದ್ದ ಕಡೆ ಬೆರಳಿಟ್ಟು ಹೊಡೆಸಿಹಾಕಿ 'ತಂದರು' ಎಂದು ಮಾಡಿಸಿದರು.

ಮೊಹರು ಒತ್ತುವ ಮೊದಲು ಮಾಮೂನ್ ತಲೆ ತಗ್ಗಿಸಿಕೊಂಡೇ ಹೇಳಿದರು. "ಇನ್ನೊಂದು ವಿಷಯ. ಕೀ ಜೊತೆ ಅದು ತಿರುಗಿದ ಬೀಗವನ್ನೂ ಇಲ್ಲೇ ಇಡಬೇಕು. ನಾಳೆ ನ್ಯಾಯಾಲಯ ಕೇಳಿದ್ರೆ ಅದೂ ಬೇಕಾಗುತ್ತೆ."

ಉಮ್ ಕಿನಾನ್ ಎರಡೂ ಕೈಗಳಿಂದ ಬೀಗವನ್ನು ಹೊಟ್ಟೆಗೆ ಒತ್ತಿಕೊಂಡರು. ಬೀಗ ಕೊಟ್ಟರೆ ಬಾಗಿಲಿಗೆ ಹೊಸ ಬೀಗ ಬರುತ್ತದೆ, ಮಗನ ಬೀಗದ ಕೈ ಅದಕ್ಕೆ ತಾಗುವುದಿಲ್ಲ. ಕೊಡದಿದ್ದರೆ ಇಷ್ಟು ವರ್ಷ ಬೇಡಿದ ಮಾತು, ಅದೂ ಅರ್ಧವೇ ಸಿಕ್ಕ ಮಾತು, ಮೊಹರಿಲ್ಲದೆ ಉಳಿಯುತ್ತದೆ.

ಫಿದಾ ತನ್ನ ಬೀಗವನ್ನು ಮೇಜಿನ ಮೇಲೆ ಇಟ್ಟಳು. "ಒಂದು ಸಾಕಲ್ವಾ ಉಸ್ತಾಜ್? ಎರಡಕ್ಕೂ ಅದೇ ಕೀ. ನನ್ನದನ್ನ ಇಟ್ಕೊಳ್ಳಿ."

"ಏ, ಏನು ಮಾಡ್ತಿದೀಯೇ?" ಉಮ್ ಕಿನಾನ್ ಅವಳ ಮಣಿಕಟ್ಟು ಹಿಡಿದರು. "ಮುನೀರ್ ಬಂದ್ರೆ?"

"ಬಾಗಿಲು ಬಡೀಲಿ ಖಾಲಾ. ನಾನು ಒಳಗೇ ಇರ್ತೀನಿ."

ಹೇಳುತ್ತ ಹೇಳುತ್ತ ಅತ್ತಳು. ಉಮ್ ಕಿನಾನ್ ಅವಳ ತಲೆಯನ್ನು ತಮ್ಮ ಭುಜಕ್ಕೆ ಎಳೆದುಕೊಂಡು, "ಹುಚ್ಚಿ, ನಾಲಿಗೆ ಉದ್ದ, ಕರುಳು ಅದಕ್ಕಿಂತ ಉದ್ದ" ಎಂದು ಬೈಯುತ್ತಲೇ ಬೆನ್ನು ಸವರಿದರು. ಮೊಹರು ಬಿತ್ತು.

ಹೊರಗೆ ಬಂದಾಗ ಬಿಸಿಲಿತ್ತು. ಫಿದಾಳ ಬಾಗಿಲಿಗೆ ಬೀಗವಿಲ್ಲ, ಅವಳ ಮಗಳು ಶಾಲೆಯಿಂದ ಬರುವ ಹೊತ್ತು. ಮೂವರೂ ಗಡಿಯಾರ ಚೌಕದ ಆಚೆಯ ಕಬ್ಬಿಣದಂಗಡಿಗೆ ನಡೆದೆವು. ದಾರಿಯುದ್ದಕ್ಕೂ ಉಮ್ ಕಿನಾನ್ ನಾಳೆ ಯಾರ ಬಾಗಿಲಿಗೆ ಹೋಗಬೇಕೆಂದು ಹೇಳುತ್ತ ಬಂದರು. ಆ ಕಟ್ಟಡದಲ್ಲಿ ಸಂಬಳ ತಿಂದವರು ಎಲ್ಲರೂ ವಿಮಾನ ಹತ್ತಲಿಲ್ಲ. ಗುಡಿಸುವವನಿದ್ದ, ಚಹಾ ಕಾಯಿಸುವವನಿದ್ದ, ಬಾಗಿಲು ಕಾಯುವವನಿದ್ದ. ಅವರೂ ಈ ಊರಿನವರೇ, ಅವರ ಮನೆಗೂ ನೆಂಟರು ಬರುತ್ತಾರೆ. ಒಬ್ಬೊಬ್ಬರನ್ನೇ ಕೇಳುತ್ತೇನೆ, ಮುಖ ನೋಡಿ ಕೇಳುತ್ತೇನೆ ಎಂದರು.

ಅಂಗಡಿಯವನು ಗಾಜಿನ ಮೇಲೆ ಬೀಗಗಳನ್ನು ಹರಡಿದ. "ಟರ್ಕಿಯ ಹೊಸ ಮಾಲು, ಅಕ್ಕಾ. ಕಳ್ಳ ಅಲ್ಲ, ಕಳ್ಳನ ಅಪ್ಪ ಬಂದ್ರೂ ತೆಗೆಯೋಕಾಗಲ್ಲ."

"ಕಳ್ಳರ ಅಪ್ಪ ಓಡಿಹೋದ. ನೀನು ಬೀಗದ ವಿಷಯ ಹೇಳು" ಎಂದರು ಉಮ್ ಕಿನಾನ್. "ಇದರ ಕೀ ಇನ್ನೊಬ್ಬರ ಮನೆಗೆ ತಾಗಬಾರದು."

"ಎಲ್ಲಾದರೂ ಉಂಟೇ ಹಾಜ್ಜಾ! ಒಂದಕ್ಕೆ ಒಂದೇ ಕೀ."

"ಸರಕಾರದವರೂ ಹಾಗೇ ಹೇಳಿ ಕೊಟ್ಟಿದ್ರು."

ತರಕಾರಿ ಚೀಲದಿಂದ ಟವಲು ಬಿಚ್ಚಿ ತಮ್ಮ ಬೀಗ ಹೊರಗೆ ತೆಗೆದರು. ಹೊಸ ಬೀಗದ ಹೊಳೆಯುವ ಕೈಯನ್ನು ಅದರೊಳಗೆ ತುರುಕಿ ತಿರುವಿ ನೋಡಿದರು. ಇನ್ನೊಮ್ಮೆ, ಬಲ ಹಾಕಿ, ತಿರುವಿದರು. ಅಂಗಡಿಯವನು ಬಾಯಿ ತೆರೆದುಕೊಂಡು ನೋಡುತ್ತಿದ್ದ. ತಿರುಗಲಿಲ್ಲ.

"ಸರಿ" ಎಂದು ಅದನ್ನು ಫಿದಾಳ ಅಂಗೈಯಲ್ಲಿ ಇಟ್ಟರು. "ಇದನ್ನೇ ತಗೋ."